ಸ್ವಲ್ಪ ಸೋಷಿಯಲ್ ಮೀಡಿಯಾ ನೋಡ್ಕೊಳ್ಳಿ

ಮುಂಬಯಿಯ ಅಂಧೇರಿಯ ಬಾಡಿಗೆ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮೊದಲು ಕರಾರು ತೆಗೆದು ನೋಡಬೇಕು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್. ಇಬ್ಬರು ಸಾಕ್ಷಿಗಳು. ಹೆಬ್ಬೆಟ್ಟು, ಫೋಟೊ, ನೋಂದಣಿ. ಫ್ಯಾನು ಎಷ್ಟು, ಟ್ಯೂಬ್‌ಲೈಟು ಎಷ್ಟು, ಗೀಸರ್ ಸರಿಯಿದೆಯೇ, ಎಲ್ಲವೂ ಪಟ್ಟಿಯಲ್ಲಿ.

ಅದೇ ಮನೆಯ ಮಾಲೀಕ ತನ್ನ ಅಂಗಡಿಗೆ ವರ್ಷಪೂರ್ತಿ ಡಿಜಿಟಲ್ ಮಾರ್ಕೆಟಿಂಗ್ ಮಾಡಿಸಿಕೊಳ್ಳುವಾಗ ಕರಾರು ಎಷ್ಟು ಪುಟದ್ದು? ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು.

"ಸ್ವಲ್ಪ ಸೋಷಿಯಲ್ ಮೀಡಿಯಾ ನೋಡ್ಕೊಳ್ಳಿ" ಎಂದು ಅವನು ಬರೆಯುತ್ತಾನೆ. "ಆಯ್ತು ಸಾರ್" ಎಂದು ಫ್ರೀಲ್ಯಾನ್ಸರ್. ಆ ಕಡೆಯಿಂದ ಹೆಬ್ಬೆರಳು. ಮುಗಿಯಿತು. ಇಬ್ಬರ ಹಕ್ಕುಬಾಧ್ಯತೆಗಳೂ ಅದರಲ್ಲೇ ಅಡಗಿವೆ. ಹಕ್ಕೆಲ್ಲ ಅವನದು, ಬಾಧ್ಯತೆಯೆಲ್ಲ ಇವನದು.

ಏನು ನೋಡಿಕೊಳ್ಳಬೇಕು, ಎಷ್ಟು, ಎಲ್ಲಿಯವರೆಗೆ ಎಂದು ಕೇಳಿ ನೋಡಿ. ಮುಖ ಬಾಡುತ್ತದೆ. "ನಂಬಿಕೆ ಇಲ್ವಾ ನಿಮಗೆ?" ನಂಬಿಕೆಯ ವಿಷಯದಲ್ಲಿ ಇಷ್ಟು ಭಾವುಕನಾದ ಈ ಮನುಷ್ಯನ ಹತ್ತಿರ ತನ್ನ ಬಾಡಿಗೆದಾರನ ಠೇವಣಿ ಇದೆ. ಆಧಾರ್ ಪ್ರತಿ ಇದೆ. ಪೊಲೀಸ್ ವೆರಿಫಿಕೇಶನ್ ಕೂಡ ಆಗಿದೆ.

ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮನ್ನು ಒಮ್ಮೆ ಓದಬೇಕು. ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೂ ಸೊಗಸಾದ ಮಾತು ಮುಂದಿದೆ: ನೋಂದಾಯಿತ ಕರಾರು ಇಲ್ಲದಿದ್ದರೆ, ಸುಳ್ಳೆಂದು ಸಾಬೀತಾಗುವವರೆಗೂ ಬಾಡಿಗೆದಾರ ಹೇಳಿದ್ದೇ ಷರತ್ತು.

ಬಾಯಿಮಾತು ಯಾವಾಗಲೂ ಬಲವಿದ್ದವನ ಕಡೆಗೇ ವಾಲುತ್ತದೆ ಎಂದು ಕಾನೂನಿಗೆ ಗೊತ್ತಿದೆ. ಚದರಡಿಯ ಮಟ್ಟಿಗೆ ಗೊತ್ತಿದೆ. ದುಡಿಮೆಯ ಮಟ್ಟಿಗೆ ಇನ್ನೂ ಪೂರ್ತಿ ಗೊತ್ತಾಗಿಲ್ಲ.

ಅಂಧೇರಿ ಸ್ಟೇಷನ್ನಿನಿಂದ ಯಾವ ದಿಕ್ಕಿಗೆ ಹೊರಟರೂ ಒಂದು ಉಡುಪಿ ಹೋಟೆಲ್ ಸಿಗುತ್ತದೆ. ಅಲ್ಲಿನ ರೈಸ್ ಪ್ಲೇಟ್ ಬೋರ್ಡು ಓದಿ. ಪೂರಿ ನಾಲ್ಕು ಇಲ್ಲವೇ ಚಪಾತಿ ಎರಡು. ಪಲ್ಯ ಎರಡು. ಸಾರು, ಸಾಂಬಾರು, ಮೊಸರು. ಹಪ್ಪಳ ಒಂದು. ಹೆಚ್ಚುವರಿ ಪೂರಿಗೆ ಬೇರೆ ದುಡ್ಡು. ಒಂದು ಪ್ಲೇಟಿನಲ್ಲಿ ಇಬ್ಬರು ಉಣ್ಣುವಂತಿಲ್ಲ. ಪಾರ್ಸೆಲ್ಲಿಗೆ ಬೇರೆ ದರ. ಏನು ಸಿಗುತ್ತದೆ, ಎಷ್ಟು ಸಿಗುತ್ತದೆ, ಏನು ಸಿಗುವುದಿಲ್ಲ, ಹೆಚ್ಚು ಬೇಕಾದರೆ ಎಷ್ಟು. ಇದಕ್ಕಿಂತ ಸ್ಪಷ್ಟವಾದ ಸ್ಕೋಪ್ ಆಫ್ ವರ್ಕನ್ನು ಹೈಕೋರ್ಟಿನ ಯಾವ ವಕೀಲನೂ ಬರೆದುಕೊಡಲಾರ.

ಅಂಥ ಬೋರ್ಡಿನ ಕೆಳಗೆ ಕೂತವನೇ ಹೇಳುತ್ತಾನೆ: "ಪೋಸ್ಟ್ ಎಷ್ಟು, ರೀಲ್ ಎಷ್ಟು ಅಂತೆಲ್ಲ ಲೆಕ್ಕ ಯಾಕೆ ಮಾರಾಯಾ? ಇದು ನಿನ್ನದೇ ಹೋಟೆಲ್ ಅಂತ ತಿಳ್ಕೋ."

ತಿಳಿದುಕೊಳ್ಳಬಹುದು. ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುವುದಾದರೆ.

ಈತನಿಗೆ ಸ್ಕೋಪ್ ಬರೆಯಲು ಬರುವುದಿಲ್ಲ ಎಂದುಕೊಂಡು ಮರುಗುವವರಿದ್ದಾರೆ. ಪಾಪ, ಹಳೇ ಕಾಲದವರು, ಮಾತಿನ ಮೇಲೆ ವ್ಯವಹಾರ ಮಾಡಿದವರು ಎಂದು. ಯಾವ ಪಾಪವೂ ಇಲ್ಲ. ತಾನು ಮಾರುವುದನ್ನು ಪೂರಿಯ ಲೆಕ್ಕದಲ್ಲಿ ಬರೆದಿಡುತ್ತಾನೆ. ತಾನು ಕೊಳ್ಳುವುದನ್ನು ಮಾತ್ರ ಮಸುಕಾಗಿ ಇಡುತ್ತಾನೆ. ಅಸ್ಪಷ್ಟತೆ ಅವನ ಅಜ್ಞಾನವಲ್ಲ. ಅದು ಅವನಿಗೆ ಸಿಗುವ ರಿಯಾಯಿತಿ.

ಆ ರಿಯಾಯಿತಿ ಹೇಗೆ ಬೆಳೆಯುತ್ತದೆ ನೋಡಿ. ಮಾತಾದದ್ದು ತಿಂಗಳಿಗೆ ಹನ್ನೆರಡು ಪೋಸ್ಟ್, ನಾಲ್ಕು ರೀಲ್. ಮೊದಲ ವಾರದಲ್ಲೇ ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಸಮಯ ತಪ್ಪಾಗಿದೆ, ಸರಿಮಾಡಿ. ಆಮೇಲೆ ಜೊಮ್ಯಾಟೊದ ಮೆನು ಫೋಟೊ. ಆಮೇಲೆ ವಿಸಿಟಿಂಗ್ ಕಾರ್ಡು. ಆಮೇಲೆ ಮಗಳ ರಂಗಪ್ರವೇಶದ ಆಮಂತ್ರಣ ಪತ್ರ. ಆಮೇಲೆ ಅತ್ತೆಯವರ ಫೇಸ್‌ಬುಕ್ ಯಾರೋ ಹ್ಯಾಕ್ ಮಾಡಿದ್ದಾರೆ, ನೀವು ಅದರವರೇ ಅಲ್ವಾ, ಸ್ವಲ್ಪ ನೋಡಿ.

ಅಷ್ಟರಲ್ಲಿ ನವರಾತ್ರಿ ಬರುತ್ತದೆ. ಮುಂಬಯಿಯಲ್ಲಿ ನವರಾತ್ರಿ ಎಂದರೆ ದಿನಕ್ಕೊಂದು ಬಣ್ಣ. ಲೋಕಲ್ ಟ್ರೇನಿನ ಮಹಿಳಾ ಡಬ್ಬಿಯಿಂದ ಬ್ಯಾಂಕಿನ ಕೌಂಟರಿನವರೆಗೆ ಎಲ್ಲರೂ ಅಂದಿನ ಬಣ್ಣ ಉಡುತ್ತಾರೆ. ಬ್ರ್ಯಾಂಡು ಹಿಂದೆ ಬೀಳಬಹುದೇ? ಒಂಬತ್ತು ದಿನ, ಒಂಬತ್ತು ಪೋಸ್ಟು. ತಿಂಗಳ ಹನ್ನೆರಡರಲ್ಲಿ ಒಂಬತ್ತು ದೇವಿಗೆ ಹೋಯಿತು. ಉಳಿದ ಮೂರರಲ್ಲಿ ವ್ಯಾಪಾರ ಇಮ್ಮಡಿಯಾಗಬೇಕು. ಆಗದಿದ್ದರೆ ದೇವಿಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಗುಡಿ ಪಾಡ್ವಾ ದಿನವೇ ಯುಗಾದಿ. ಒಂದೇ ಹಬ್ಬ, ಒಂದೇ ದಿನ, ಎರಡು ಪೋಸ್ಟು. "ಕನ್ನಡದಲ್ಲೂ ಒಂದು ಹಾಕಿಬಿಡಿ, ನೀವು ಕನ್ನಡದವರೇ ಅಲ್ವಾ." ಕನ್ನಡದವನಾದ್ದರಿಂದ ಕನ್ನಡದ್ದು ಉಚಿತ. ಮಾತೃಭಾಷೆಗೆ ಬಿಲ್ ಹಾಕುವವನು ಎಂಥ ಮನುಷ್ಯ!

ಒಪ್ಪಿಗೆಯ ವಿಷಯಕ್ಕೆ ಬನ್ನಿ. ಪೋಸ್ಟನ್ನು ಮೊದಲು ಮ್ಯಾನೇಜರ್ ನೋಡುತ್ತಾನೆ. ಲೋಗೋ ದೊಡ್ಡದಾಗಬೇಕು. ಮಾಲೀಕ ನೋಡುತ್ತಾನೆ. ಲೋಗೋ ಇಷ್ಟು ದೊಡ್ಡದೇಕೆ? ಮಾಲೀಕನ ಹೆಂಡತಿಗೆ ಹಸಿರು ಆಗಿಬರುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ಭಾವಮೈದುನನಿಗೆ ಅಕ್ಷರ ಹಳೇ ಕಾಲದ್ದು ಅನಿಸಿದೆ. ಪ್ರತಿಯೊಬ್ಬರದೂ ಒಂದು ಸಣ್ಣ ಚೇಂಜ್. ಕೊನೆಗೆ ಮೊದಲನೆಯದೇ ಚೆನ್ನಾಗಿತ್ತು ಎಂದು ಸರ್ವಾನುಮತದ ತೀರ್ಮಾನ. ನಡುವಿನ ಕೆಲಸವೆಲ್ಲ ಯಾರ ಖಾತೆಗೆ? ಕೆಲಸ ಮಾಡಿದವನ ಖಾತೆಗೆ.

ಈ ಮೆರವಣಿಗೆ ಹತ್ತು ದಿನ ತಿನ್ನುತ್ತದೆ. ಹಾಕಬೇಕಾದ ದಿನಾಂಕ ಮಾತ್ರ ಅಲ್ಲಾಡುವುದಿಲ್ಲ. ಅವರು ತಡಮಾಡಿದರೆ ಬಿಜಿ. ಇವನು ತಡಮಾಡಿದರೆ ಅನ್‌ಪ್ರೊಫೆಷನಲ್.

ಜಾಹೀರಾತಿನ ದುಡ್ಡಿನದು ಇನ್ನೊಂದು ಕಥೆ. ಗೂಗಲ್ಲಿಗೂ ಮೆಟಾಗೂ ಕಾರ್ಡನ್ನೋ ಹಣವನ್ನೋ ಕೊಡದೆ ಒಂದು ಜಾಹೀರಾತೂ ಓಡುವುದಿಲ್ಲ. ಮೇಲೆ ಶೇ. 18 ಜಿಎಸ್‌ಟಿ. ಕ್ಯಾಲಿಫೋರ್ನಿಯಾದ ಕಂಪನಿಗೆ "ನಂಬಿಕೆ ಇಲ್ವಾ?" ಎಂದು ಯಾರೂ ಕೇಳಿದ್ದಿಲ್ಲ. ಅವರ ಪುಟಗಟ್ಟಲೆ ಷರತ್ತುಗಳಿಗೆ ಒಂದಕ್ಷರ ಓದದೆ ಒಪ್ಪಿಗೆ ಒತ್ತುತ್ತಾರೆ. ಸಾಕಿನಾಕಾದ ಹುಡುಗ ಒಂದೇ ಒಂದು ಹಾಳೆ ಮುಂದಿಟ್ಟರೆ "ಇದೇನಪ್ಪಾ ಲೀಗಲ್ಲು ಗೀಗಲ್ಲು?"

ಇನ್ನು ಕೆಲವರು ಕಾರ್ಡನ್ನೂ ಕೊಡುವುದಿಲ್ಲ. "ಸದ್ಯ ನಿಮ್ಮ ಕಾರ್ಡಿನಲ್ಲೇ ಓಡಿಸಿ, ಬಿಲ್ಲಿಗೆ ಸೇರಿಸಿ ಕೊಡ್ತೀವಿ." ಹೀಗೆ ಮಾರ್ಕೆಟಿಂಗ್ ಮಾಡಲು ಬಂದವನು ಬಡ್ಡಿಯಿಲ್ಲದ ಸಾಲ ಕೊಡುವ ಬ್ಯಾಂಕ್ ಆಗುತ್ತಾನೆ. ಬ್ಯಾಂಕಿಗಾದರೆ ಅಡಮಾನ ಕೊಡುತ್ತಿದ್ದರು.

ಅಂಗಡಿಯವರು ಹಾಗೆ, ವಿದ್ಯಾವಂತ ಏಜೆನ್ಸಿಗಳು ಹಾಗಲ್ಲ ಎಂದುಕೊಂಡರೆ ಅಂಧೇರಿ ಪಶ್ಚಿಮಕ್ಕೆ ಬನ್ನಿ. ವೀರಾ ದೇಸಾಯಿ ರಸ್ತೆ, ಲೋಖಂಡ್‌ವಾಲಾ, ವರ್ಸೋವಾ. ದೊಡ್ಡ ಏಜೆನ್ಸಿ ಕೆಲಸ ಹಿಡಿಯುತ್ತದೆ. ಸಣ್ಣ ಏಜೆನ್ಸಿಗೆ ಕೊಡುತ್ತದೆ. ಅದು ಫ್ರೀಲ್ಯಾನ್ಸರಿಗೆ ಕೊಡುತ್ತದೆ. ಅವನು ಎಡಿಟರನಿಗೆ. ಬೈಗುಳ ಮೇಲಿನಿಂದ ಕೆಳಕ್ಕೆ ಇಳಿಯಲು ಐದು ನಿಮಿಷ. ಹಣ ಇಳಿಯಲು ಎರಡು ಋತು. "ಮೇಲಿಂದ ಪೇಮೆಂಟ್ ಬಂದಿಲ್ಲ, ಬಂದ ತಕ್ಷಣ ಹೋ ಜಾಯೇಗಾ."

ಹಾಗೆಂದು ಏಜೆನ್ಸಿಗೆ ಕಾಗದದ ಅಲರ್ಜಿ ಇಲ್ಲ. ತನ್ನ ಗಿರಾಕಿಯ ಜೊತೆ ಅದು ನಲವತ್ತು ಪುಟದ ಕರಾರು ಮಾಡಿಕೊಂಡಿರುತ್ತದೆ. ಫ್ರೀಲ್ಯಾನ್ಸರಿನಿಂದಲೂ ಸಹಿ ಹಾಕಿಸಿಕೊಳ್ಳುತ್ತದೆ. ಯಾವುದಕ್ಕೆ? ಗುಟ್ಟು ಹೊರಗೆ ಬಿಡುವುದಿಲ್ಲ ಎಂಬುದಕ್ಕೆ, ಅಂದರೆ ಎನ್‌ಡಿಎಗೆ. ಕೆಲಸ ಬಿಟ್ಟ ಮೇಲೂ ಎರಡು ವರ್ಷ ಇದೇ ಬಗೆಯ ಗಿರಾಕಿಗಳ ಹತ್ತಿರ ಸುಳಿಯುವುದಿಲ್ಲ ಎಂಬುದಕ್ಕೆ. ಈ ಎರಡನೆಯದು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಊರ್ಜಿತವೇ ಅಲ್ಲ. ಇರಲಿ. ಗುಟ್ಟು ಕಾಯಲು ಕಾಗದ, ಹಣ ಕೊಡಲು ನಂಬಿಕೆ. ಯಾವುದನ್ನು ಎಲ್ಲಿ ಬಳಸಬೇಕು ಎಂಬ ವಿವೇಕ ಇದು.

ಈ ಬಡಾವಣೆಯ ನೀರೇ ಅಂಥದ್ದು. ಟಿವಿ ಧಾರಾವಾಹಿಯವರು 90 ದಿನದ ಪೇಮೆಂಟನ್ನು ಇಲ್ಲಿ ಸಂಪ್ರದಾಯ ಮಾಡಿಟ್ಟಿದ್ದಾರೆ. ಆದರೆ ಕಥೆ ಬರೆಯುವವರಿಗೆ ಸ್ಕ್ರೀನ್‌ರೈಟರ್ಸ್ ಅಸೋಸಿಯೇಶನ್ ಇದೆ, ನಟರಿಗೆ ಸಿಂಟಾ ಇದೆ, ಎರಡರ ಕಚೇರಿಯೂ ಅಂಧೇರಿಯಲ್ಲೇ. ಬರಹಗಾರರು ಕನಿಷ್ಠ ಷರತ್ತುಗಳ ಮಾದರಿ ಕರಾರಿಗಾಗಿ ವರ್ಷಗಳಿಂದ ಜಗಳವಾಡುತ್ತಿದ್ದಾರೆ. ಗೆಲ್ಲುವರೋ ಬಿಡುವರೋ, ಜಗಳಕ್ಕೊಂದು ವಿಳಾಸವಾದರೂ ಇದೆ. ಡಿಜಿಟಲ್ ಮಾರ್ಕೆಟರಿಗೆ ಇರುವುದು ಕೋವರ್ಕಿಂಗಿನ ಒಂದು ಕುರ್ಚಿ. ಅದಕ್ಕೆ ಮುಂಗಡ ಕಟ್ಟಿರುತ್ತಾನೆ, ಲಿಖಿತ ಕರಾರಿನ ಮೇಲೆ.

ನಮ್ಮ ಕನ್ನಡ ಸಂಘಗಳನ್ನು ಬಿಟ್ಟರೆ ಅಪಚಾರವಾದೀತು. ವಾರ್ಷಿಕೋತ್ಸವಕ್ಕೆ ಹಾಲಿನ ಬಾಡಿಗೆ ಮೊದಲೇ ಕಟ್ಟುತ್ತಾರೆ. ಕೇಟರಿಂಗಿನವನು ಎಲೆ ಲೆಕ್ಕ ಹಾಕಿ ಮುಂಗಡ ಪಡೆಯುತ್ತಾನೆ. ಮೈಕ್ ಸೆಟ್ಟಿನವನು ಪೂರ್ತಿ ಹಣ ಎಣಿಸಿಕೊಂಡೇ ವೈರು ಎಳೆಯುತ್ತಾನೆ. ಪೋಸ್ಟರು, ಆಮಂತ್ರಣ, ಸ್ಮರಣ ಸಂಚಿಕೆಯ ಮುಖಪುಟ, ಫೇಸ್‌ಬುಕ್ ಲೈವ್, ಮೂರು ದಿನದ ರೀಲುಗಳು, ಇವನ್ನೆಲ್ಲ ಮಾಡಿದ ಹುಡುಗನಿಗೆ? ಅದು ಕನ್ನಡ ಸೇವೆ. ವೇದಿಕೆಗೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ಶಾಲು ಕೊಟ್ಟು ಕರೆಂಟ್ ಬಿಲ್ ಕಟ್ಟಬಹುದಾದ ಕೌಂಟರು ಮುಂಬಯಿಯಲ್ಲಿ ಇನ್ನೂ ತೆರೆದಿಲ್ಲ.

ಮೈಕ್ ಸೆಟ್ಟಿನವನೂ ಕನ್ನಡಿಗನೇ. ಅವನ ಸೇವಾಭಾವವನ್ನು ಯಾರೂ ಪರೀಕ್ಷಿಸುವುದಿಲ್ಲ. ವೈರು ಕಿತ್ತರೆ ಭಾಷಣ ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತು.

ಈಗ ಕಾನೂನು. ಕಾಗದ ಬೇಡ ಎನ್ನುವವರಿಗೆ ಕಾಗದ ಇಲ್ಲದಿದ್ದರೆ ತಮಗೇ ಏನಾಗುತ್ತದೆ ಎಂದು ಗೊತ್ತಿಲ್ಲ ಎಂಬುದೇ ಇದರಲ್ಲಿ ಸಿಗುವ ಏಕೈಕ ಸುಖ.

2006ರ ಎಂಎಸ್‌ಎಂಇಡಿ ಕಾಯ್ದೆ ಸಣ್ಣ ಉದ್ಯಮಗಳಿಗಾಗಿ ಬಂದದ್ದು. ಉದ್ಯಮ್ ನೋಂದಣಿ ಮಾಡಿಸಿದ ಒಬ್ಬಂಟಿ ಫ್ರೀಲ್ಯಾನ್ಸರ್ ಕೂಡ ಅದರ ಲೆಕ್ಕದಲ್ಲಿ ಒಂದು ಕಿರು ಉದ್ಯಮ. 15ನೇ ಕಲಂ ಹೇಳುವುದು ಇಷ್ಟು: ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಬರೆದ ದಿನದೊಳಗೆ ಹಣ ಕೊಡಬೇಕು, ಆದರೆ ಆ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ? 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ.

ಅಂದರೆ ಕಾಗದ ಬೇಡ ಎಂದ ಜಾಣನಿಗೆ ಸಿಕ್ಕಿದ್ದು ಹದಿನೈದೇ ದಿನ. ಹೆಬ್ಬೆರಳು ಒತ್ತಿ ಮೂವತ್ತು ದಿನ ಕಳೆದುಕೊಂಡ.

ಹಣ ತಡವಾದರೆ ತೆರಿಗೆಯಲ್ಲೂ ಪೆಟ್ಟು ಬೀಳುವಂತೆ 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಒಂದು ಬಾಲ ಸೇರಿಸಿತು. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ನಿಜವಾಗಿ ಕೊಟ್ಟ ವರ್ಷವೇ ಖರ್ಚಾಗಿ ತೋರಿಸಬೇಕು, ಅದಕ್ಕೂ ಮೊದಲು ಇಲ್ಲ. ಆಮೇಲೆ ನೋಡಿ ಮಾರ್ಚ್ ತಿಂಗಳ ಚಮತ್ಕಾರ. ವರ್ಷಪೂರ್ತಿ ಮೀಟಿಂಗಿನಲ್ಲಿದ್ದವರು ತಾವಾಗಿ ಫೋನ್ ಮಾಡಿ, "ನಿಮ್ದೊಂದು ಬಿಲ್ ಬಾಕಿ ಇತ್ತಲ್ವಾ?" ಎನ್ನುತ್ತಾರೆ. ಮನಸ್ಸಾಕ್ಷಿ ಎಚ್ಚೆತ್ತಿತು ಎಂದುಕೊಳ್ಳಬೇಡಿ. ಎಚ್ಚೆತ್ತವರು ಅವರ ಸಿಎ.

ಕೃತಿಸ್ವಾಮ್ಯ ಇನ್ನೂ ಮಜಾ. 1957ರ ಕಾಯ್ದೆಯ ಪ್ರಕಾರ ಸಂಬಳದ ನೌಕರ ಮಾಡಿದ್ದು ಸಾಮಾನ್ಯವಾಗಿ ಧಣಿಯದು. ಸ್ವತಂತ್ರವಾಗಿ ದುಡಿಯುವವನು ಬರೆದ ಬರಹ, ರೂಪಿಸಿದ ಲೋಗೋ ಸಾಮಾನ್ಯವಾಗಿ ಅವನದೇ. ವರ್ಗಾಯಿಸಬೇಕಾದರೆ 19ನೇ ಕಲಂ ಕಡ್ಡಾಯವಾಗಿ ಕೇಳುವುದು ಏನನ್ನು? ಬರಹದಲ್ಲಿ ಒಪ್ಪಂದ, ಕೆಳಗೆ ಸಹಿ. ಅಂಗಡಿಯ ಮೇಲೆ ಆಳೆತ್ತರದ ಲೋಗೋ ಹೊಳೆಯುತ್ತಿದೆ. ಕಾಗದ ಬೇಡ ಎಂದ ಮಾಲೀಕ ಅದರ ಕೆಳಗೆ ಎದೆಯುಬ್ಬಿಸಿ ನಿಂತಿದ್ದಾನೆ. ಲೋಗೋ ಅವನದಲ್ಲದೇ ಇರಬಹುದು.

ಸ್ಟಾಂಪ್ ಪೇಪರ್ ಇಲ್ಲದೆ ಕರಾರೇ ಇಲ್ಲ ಎಂಬ ಭಯವೊಂದಿದೆ. ಇಮೇಲಿನಲ್ಲೂ ಕರಾರು ಹುಟ್ಟುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಅದನ್ನು ಒಪ್ಪುತ್ತದೆ. ದುಬೈಯ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವೆ ಬಾಕ್ಸೈಟ್ ಹಡಗುಗಳ ವ್ಯವಹಾರ ಕುದುರಿದ್ದು ಇಮೇಲುಗಳಲ್ಲಿ. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಊರ್ಜಿತ ಕರಾರು ಎಂದಿತು. ಹಡಗುಗಟ್ಟಲೆ ಅದಿರಿಗೆ ಸಾಕಾದ ಇಮೇಲು ಹನ್ನೆರಡು ಪೋಸ್ಟಿಗೆ ಸಾಕಾಗುತ್ತದೆ. ಸ್ಟಾಂಪು ಬೇಕೇ ಬೇಕು ಎನ್ನುವವರಿಗೆ ಅದೂ ಇದೆ. 2024ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರ್ಕಾರ 100 ರೂಪಾಯಿಯ ಸ್ಟಾಂಪನ್ನು 500 ಮಾಡಿತು. ಕರಾರಿಗೆ ಬೆಲೆ ಇದೆ ಎಂದು ನಂಬಿರುವ ಏಕೈಕ ಸಂಸ್ಥೆ ಅದು.

ಆದರೆ ಇದೇ 1872ರ ಕಾಯ್ದೆಯ 29ನೇ ಕಲಂ ಒಂದು ಮಾತು ಹೇಳುತ್ತದೆ. ಅರ್ಥ ಖಚಿತವಿಲ್ಲದ, ಖಚಿತಪಡಿಸಲೂ ಆಗದ ಒಪ್ಪಂದ ಊರ್ಜಿತವಲ್ಲ. ಇಮೇಲಿನಲ್ಲಿ ಬರೆದರೆ ಸಾಲದು. ಅರ್ಥವಾಗುವಂತೆ ಬರೆಯಬೇಕು.

ಬರೆದ ಕಾಗದಗಳಿಗೆ ಈ ಊರಿನಲ್ಲಿ ಬರವೇನೂ ಇಲ್ಲ. ಸ್ಟೇಷನ್ ಪಕ್ಕದ ಗೋಖಲೆ ಸೇತುವೆಯನ್ನು ನೆನಪಿಸಿಕೊಳ್ಳಿ. 2018ರ ಜುಲೈನಲ್ಲಿ ಅದರ ಪಾದಚಾರಿ ಭಾಗ ಹಳಿಯ ಮೇಲೆ ಕುಸಿಯಿತು. 2022ರ ನವೆಂಬರಿನಲ್ಲಿ ಸೇತುವೆ ಮುಚ್ಚಿದರು. 2024ರ ಫೆಬ್ರವರಿಯಲ್ಲಿ ಹೊಸದರ ಒಂದು ಬದಿ ತೆರೆದರು. ಆಗ ಊರೆಲ್ಲ ಕಂಡಿತು. ಹೊಸ ಸೇತುವೆ ಮೇಲೆ. ಅದಕ್ಕೆ ಸೇರಬೇಕಾಗಿದ್ದ ಬರ್ಫಿವಾಲಾ ಫ್ಲೈಓವರ್ ಕೆಳಗೆ. ನಡುವೆ ಗಾಳಿ.

ರೈಲ್ವೆಯ ನಿಯಮದಂತೆ ಹಳಿಯ ಮೇಲಿನ ಎತ್ತರ ಹೆಚ್ಚಬೇಕಿತ್ತು. ಹೆಚ್ಚಿತು. ಪಕ್ಕದ ಫ್ಲೈಓವರ್ ಇದ್ದಲ್ಲೇ ಇತ್ತು. ಟೆಂಡರು, ನಕ್ಷೆ, ಮಂಜೂರಾತಿ ಯಾವುದಕ್ಕೂ ಕೊರತೆ ಇರಲಿಲ್ಲ. ಎರಡೂ ಎಲ್ಲಿ ಕೂಡಬೇಕು ಎಂಬುದಷ್ಟೇ ಯಾರ ಕೆಲಸದ ಪಟ್ಟಿಯಲ್ಲೂ ಇದ್ದಂತಿರಲಿಲ್ಲ. ಕೊನೆಗೆ ಫ್ಲೈಓವರಿಗೇ ಜಾಕ್ ಕೊಟ್ಟು ಎತ್ತಿ, ಅದೇ ವರ್ಷದ ಜುಲೈನಲ್ಲಿ ಸೇರಿಸಿದರು. ಸೇತುವೆ ಪೂರ್ತಿ ತೆರೆದದ್ದು 2025ರ ಮೇ ತಿಂಗಳಲ್ಲಿ.

ಆ ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು "ಈ ದೇಶದಲ್ಲಿ ಪ್ಲಾನಿಂಗೇ ಇಲ್ಲ" ಎಂದು ಪಾಲಿಕೆಯನ್ನು ಶಪಿಸಿದವರು ಯಾರು? ನಮ್ಮ ಗಿರಾಕಿಗಳೇ. ಅದೇ ಕಾರಿನಲ್ಲಿ ಕೂತು, ಅದೇ ಫೋನಿನಲ್ಲಿ, ನಾಳೆ ಬರಬೇಕಾದ ಕ್ಯಾಂಪೇನಿನ ವಿಷಯವನ್ನೇ ಬದಲಿಸುವ ವಾಯ್ಸ್ ನೋಟ್ ಕಳಿಸುತ್ತಿದ್ದವರು.

ಕೂಡುವ ಜಾಗ ಬರೆಯದಿದ್ದರೆ ನಮ್ಮ ಕೆಲಸದಲ್ಲೂ ಇದೇ ಆಗುತ್ತದೆ. ಜಾಹೀರಾತು ನೋಡಿ ನೂರು ಜನ ನಂಬರು ಬಿಟ್ಟುಹೋಗುತ್ತಾರೆ. ಲೀಡ್ ತರುವುದು ಮಾರ್ಕೆಟರ್ ಕೆಲಸ. ಆ ನೂರು ಜನಕ್ಕೆ ಫೋನ್ ಮಾಡುವುದು ಯಾರ ಕೆಲಸ? ಬರೆದಿಲ್ಲ. ಯಾರೂ ಮಾಡುವುದಿಲ್ಲ. ಒಂದು ತಿಂಗಳ ನಂತರ ಆ ಕಡೆಯಿಂದ ತೀರ್ಪು: "ಈ ಡಿಜಿಟಲ್ಲೆಲ್ಲ ನಮ್ಮ ಬಿಸಿನೆಸ್ಸಿಗೆ ವರ್ಕ್ ಆಗಲ್ಲ."

ಬೈಯುವುದನ್ನು ಒಂದೇ ಕಡೆಗೆ ನಿಲ್ಲಿಸಿದರೆ ಅದೂ ಬೂಟಾಟಿಕೆಯೇ. ಫ್ರೀಲ್ಯಾನ್ಸರ್ ಮಹಾಶಯರ ಪ್ರಸ್ತಾವನೆಗಳನ್ನು ಓದಿದ್ದೀರಾ? "360 ಡಿಗ್ರಿ ಬ್ರ್ಯಾಂಡ್ ಸೊಲ್ಯೂಶನ್." "ಎಂಡ್ ಟು ಎಂಡ್ ಗ್ರೋತ್." ಇದನ್ನು ಬರೆದವನೇ ನಾಳೆ ವಿಸಿಟಿಂಗ್ ಕಾರ್ಡ್ ನನ್ನ ಕೆಲಸವಲ್ಲ ಎಂದು ಗೋಳಾಡುತ್ತಾನೆ. 360 ಡಿಗ್ರಿಯಲ್ಲಿ ಒಂದು ಡಿಗ್ರಿಯನ್ನೂ ಹೊರಗಿಡದವನು ಯಾವ ಮುಖ ಹೊತ್ತು ಜಗಳಕ್ಕೆ ಹೋಗುತ್ತಾನೆ?

ಕೆಲವರು ಕರಾರು ಮಾಡುತ್ತಾರೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡು. ಚಕಾಲಾದ ಬಟ್ಟೆ ಅಂಗಡಿಗೆ ರೀಲ್ ಮಾಡುವ ಕರಾರಿನ ಕೊನೆಯಲ್ಲಿ, ತಕರಾರು ಬಂದರೆ ಡೆಲಾವೇರ್ ರಾಜ್ಯದ ನ್ಯಾಯಾಲಯ ತೀರ್ಮಾನಿಸತಕ್ಕದ್ದು ಎಂದಿರುತ್ತದೆ. ಬರೆದವನು ಓದಿಲ್ಲ. ಸಹಿ ಹಾಕಿದವನೂ ಓದಿಲ್ಲ. ಡೆಲಾವೇರ್ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿಲ್ಲ.

ಅಮೆರಿಕದಿಂದ ತರಬೇಕಾಗಿದ್ದ ಸರಕು ಬೇರೆ ಇತ್ತು. ನ್ಯೂಯಾರ್ಕ್ ನಗರದಲ್ಲಿ 2017ರ ಮೇ ತಿಂಗಳಿನಿಂದ ಒಂದು ಕಾನೂನು ಜಾರಿಯಲ್ಲಿದೆ. ಫ್ರೀಲ್ಯಾನ್ಸರಿಗೆ 800 ಡಾಲರ್ ಅಥವಾ ಹೆಚ್ಚಿನ ಕೆಲಸ ಕೊಡುವವನು ಲಿಖಿತ ಕರಾರು ಮಾಡಲೇಬೇಕು. ದಿನಾಂಕ ಬರೆಯದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ. ನಮ್ಮಲ್ಲಿ? ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿತು. ಒಳ್ಳೆಯದೇ. ಅದು ಆ್ಯಪ್‌ಗಳ ಮೂಲಕ ದುಡಿಯುವವರಿಗೆ. ಲ್ಯಾಪ್‌ಟಾಪ್ ಹಿಡಿದು ನೇರವಾಗಿ ಗಿರಾಕಿಗೆ ದುಡಿಯುವವನನ್ನು ನೆನಪಿಟ್ಟುಕೊಂಡಿರುವುದು ತೆರಿಗೆ ಇಲಾಖೆ ಮಾತ್ರ. ಅದು ಬಿಲ್ಲಿನಲ್ಲೇ ಟಿಡಿಎಸ್ ಹಿಡಿದುಕೊಳ್ಳುತ್ತದೆ.

ಇನ್ನೊಂದು ನೋಟವಿದೆ. ಬಾಕಿ ಬಂದಿಲ್ಲ ಎಂದು ವರ್ಸೋವಾದ ಕೆಫೆಯಲ್ಲಿ ಕೂತು ಲಿಂಕ್ಡ್‌ಇನ್‌ನಲ್ಲಿ ಶೋಷಣೆಯ ಬಗ್ಗೆ ಉದ್ದನೆಯ ಪೋಸ್ಟ್ ಬರೆಯುವ ಇದೇ ವೀರ, ತನ್ನ ಕೆಲಸವನ್ನು ಹುಬ್ಬಳ್ಳಿಯಲ್ಲೋ ಪುತ್ತೂರಿನಲ್ಲೋ ಕೂತ ಹುಡುಗಿಯೊಬ್ಬಳಿಂದ ಮಾಡಿಸುತ್ತಿರುತ್ತಾನೆ. ಅವಳಿಗೆ ಕರಾರು? ವಾಟ್ಸಾಪ್. ಮುಂಗಡ? "ಮೇಲಿಂದ ಬರಲಿ." ಹೆಸರು? "ಅದೆಲ್ಲ ಹಾಕೋಕಾಗಲ್ಲಮ್ಮ, ಎನ್‌ಡಿಎ ಇದೆ." ಶೋಷಣೆಯ ವ್ಯಾಕರಣ ಅವನಿಗೆ ಚೆನ್ನಾಗಿ ಬರುತ್ತದೆ. ಕರ್ತರಿ, ಕರ್ಮಣಿ ಎರಡೂ ಪ್ರಯೋಗಗಳಲ್ಲಿ.

ಉದ್ಯಮ್ ನೋಂದಣಿಯ ಮಾತೂ ಹೇಳಿಬಿಡಬೇಕು. ಸರ್ಕಾರಿ ಪೋರ್ಟಲಿನಲ್ಲಿ ಅದು ಪುಕ್ಕಟೆ. 2020ರ ಜುಲೈಯಿಂದ ಮನೆಯಲ್ಲೇ ಕೂತು ಮಾಡಬಹುದು. ದಿನಾ ಜನರಿಗೆ ಇಂಟರ್ನೆಟ್ ಬಳಸುವುದನ್ನು ಕಲಿಸುವ ಡಿಜಿಟಲ್ ತಜ್ಞರು ಇದಕ್ಕೆ ಏಜೆಂಟನಿಗೆ ದುಡ್ಡು ಕೊಡುತ್ತಾರೆ. ಇಲ್ಲವೇ ಹಣ ಮುಳುಗಿದ ಮೇಲೆ ಮಾಡಿಸಲು ಓಡುತ್ತಾರೆ. ಕೆಲಸಕ್ಕೆ ಮೊದಲು ನೋಂದಣಿ ಇರಲಿಲ್ಲ ಎಂದು ಆ ಕಡೆಯ ವಕೀಲ ಕುಣಿಯುವುದು ಆಗಲೇ.

ಏನು ಬರೆಯಬೇಕು? ವೇದವೇನಲ್ಲ. ಒಂದು ಹಾಳೆ ಸಾಕು. ತಿಂಗಳಿಗೆ ಪೋಸ್ಟ್ ಇಷ್ಟು, ರೀಲ್ ಇಷ್ಟು, ರೀಲಿನ ಉದ್ದ ಇಷ್ಟು. ಹಬ್ಬದ ಶುಭಾಶಯವೂ ಒಂದು ಪೋಸ್ಟೇ. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಇಂತಿಷ್ಟು. ಒಪ್ಪಿಗೆ ಕೊಡುವವರು ಒಬ್ಬರು, ಅವರ ಹೆಸರು ಇದು. ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ. ಜಾಹೀರಾತಿನ ಹಣ ಗಿರಾಕಿಯ ಕಾರ್ಡಿನಿಂದ, ಜಾಹೀರಾತಿನ ಖಾತೆಯೂ ಗಿರಾಕಿಯ ಹೆಸರಿನಲ್ಲಿ. ಬಂದ ಲೀಡುಗಳಿಗೆ ಫೋನ್ ಮಾಡುವುದು ಗಿರಾಕಿಯ ಕೆಲಸ. ವೈರಲ್ ಮಾಡಿಕೊಡುವ ಭರವಸೆ ಇಲ್ಲ. ಅರ್ಧ ಮುಂಗಡ. ಹಕ್ಕು ಕೈಬದಲಾಗುವುದು ಪೂರ್ತಿ ಹಣ ಬಂದ ಮೇಲೆ. ಬಿಟ್ಟುಹೋಗಬೇಕಾದರೆ ಎರಡೂ ಕಡೆಯವರಿಗೆ ಇಷ್ಟು ದಿನದ ನೋಟಿಸು. ತಕರಾರಿದ್ದರೆ ಮುಂಬಯಿ ಕೋರ್ಟು. ಡೆಲಾವೇರ್ ಅಲ್ಲ.

ಇದರಲ್ಲಿ ಅತಿ ಮುಖ್ಯವಾದದ್ದು ಏನು ಮಾಡುತ್ತೇನೆ ಎಂಬ ಭಾಗವಲ್ಲ. ಏನು ಮಾಡುವುದಿಲ್ಲ ಎಂಬ ಭಾಗ. ಆಮಂತ್ರಣ ಪತ್ರ ಇಲ್ಲ. ಅತ್ತೆಯವರ ಫೇಸ್‌ಬುಕ್ ಇಲ್ಲ. ರಾತ್ರಿ ಹತ್ತರ ಮೇಲೆ ಫೋನ್ ಇಲ್ಲ. ಬರೆಯುವಾಗ ಕೈ ನಡುಗುತ್ತದೆ, ಗಿರಾಕಿ ಹೋಗಿಬಿಟ್ಟರೆ ಎಂದು. ಹೋಗುತ್ತಾರೆ ಕೂಡ. ಅವರ ಹಿಂದೆ ಓಡಿ ಆ ಸಾಲುಗಳನ್ನು ಹೊಡೆದುಹಾಕುವವರೂ ಇದ್ದಾರೆ. ಅಂಥವರಿಗೆ ಕರಾರಿನ ಅಗತ್ಯವಿಲ್ಲ, ಶಾಲು ಸಾಕು.

ಆ ಹಾಳೆ ಕೋರ್ಟಿಗೆ ಹೋಗುವುದು ಅಪರೂಪ. ಇಪ್ಪತ್ತೈದು ಸಾವಿರದ ಬಾಕಿಗೆ ವಕೀಲನನ್ನು ಹಿಡಿದರೆ ವಕೀಲನ ಬಾಕಿ ಐವತ್ತು ಸಾವಿರ ಆಗುತ್ತದೆ. ಹಾಳೆಯ ನಿಜವಾದ ಉಪಯೋಗ ಮೊದಲ ದಿನವೇ ಮುಗಿದಿರುತ್ತದೆ. ಅದನ್ನು ಓದಿ, ಎರಡು ಸಾಲು ತಿದ್ದಿಸಿ, ಚೌಕಾಸಿ ಮಾಡಿ ಸಹಿ ಹಾಕುವವನು ಹಣ ಕೊಡುವ ಮನುಷ್ಯ. ಓದದೆಯೇ ಮುನಿಸಿಕೊಳ್ಳುವವನು ಕೊಡುವುದಿಲ್ಲ ಎಂದು ಅಂದೇ ಹೇಳುತ್ತಿದ್ದಾನೆ. ಕೇಳಿಸಿಕೊಳ್ಳುವುದು ನಮ್ಮ ಕೆಲಸ. ಅದು ನಮ್ಮ ಸ್ಕೋಪಿನಲ್ಲೇ ಬರುತ್ತದೆ.

ಆದ್ದರಿಂದ ಇನ್ನು ಮುಂದೆ ಯಾರಾದರೂ ಹಾಳೆಯನ್ನು ಬದಿಗೆ ಸರಿಸಿ, ಕಣ್ಣಲ್ಲಿ ಕಣ್ಣಿಟ್ಟು, "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದರೆ ವಿನಯದಿಂದ ಹೇಳಿ: ಇದೆ ಸಾರ್. ಇಲ್ಲದಿದ್ದರೆ ಪೂರ್ತಿ ಮುಂಗಡ ಕೇಳುತ್ತಿದ್ದೆ.